ನದಿ ಬರುವ ದಾರಿ, ಜನ ಹೋಗುವ ದಾರಿ

ದೀಪಾವಳಿ ಕಳೆದ ಮೇಲೆ ನೀವು ಎಂದಾದರೂ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದರೆ ಗಂಟುಮೂಟೆ, ಪಾತ್ರೆಪಗಡ, ಜೋಳದ ಚೀಲಗಳೊಂದಿಗೆ ಕೂತ ಸಂಸಾರಗಳು ಕಣ್ಣಿಗೆ ಬೀಳುತ್ತವೆ. ಜಾತ್ರೆಗೆ ಹೊರಟವರೆಂದು ಭಾವಿಸಬೇಡಿ. ಅವರು ಗುಳೆ ಹೊರಟವರು. ಮಲೆನಾಡಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲವದು.

ಹಾಗೆಂದು ಈ ಸೀಮೆಗೆ ಪ್ರಕೃತಿ ಏನನ್ನೂ ಕೊಟ್ಟಿಲ್ಲವೆಂದಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ ಹೊರಡಿ, ಕೆಂಪು ಮಣ್ಣಿನ ಹೊಲಗಳಲ್ಲಿ ಶೇಂಗಾ, ಮೆಕ್ಕೆಜೋಳ ಕಾಣುತ್ತವೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಯಿತು. ಪಕ್ಕದ ಸಂಡೂರಿನ ಗುಡ್ಡಗಳ ತುಂಬ ಕಬ್ಬಿಣದ ಅದಿರು. ಇವೆಲ್ಲಕ್ಕಿಂತ ಮಿಗಿಲಾಗಿ, ಹರಪನಹಳ್ಳಿ ಮತ್ತು ಹಡಗಲಿ ತಾಲೂಕುಗಳ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಾಳೆ.

ಆದರೆ ನದಿ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಹೊಸಪೇಟೆಯ ಬಳಿ 1953ರಲ್ಲಿ ನೀರು ನಿಂತ ಅಣೆಕಟ್ಟಿನ ಕಾಲುವೆಗಳು ಕೆಳಗಿನ ಸೀಮೆಗೆ ಹರಿದವು. ಮೇಲಿನ ಹಗರಿಬೊಮ್ಮನಹಳ್ಳಿ ಭಾಗದಲ್ಲಿ ಊರುಗಳೇ ಹಿನ್ನೀರಿನಲ್ಲಿ ಮುಳುಗಿದವು. ಸಿಂಗಟಾಲೂರು ಏತ ನೀರಾವರಿಯಿಂದ ಹಡಗಲಿಯ ಕೆಲವು ಹೊಲಗಳಿಗೆ ನೀರು ಹತ್ತಿದೆ, ನಿಜ. ಆದರೂ ಮಳೆಯನ್ನೇ ನಂಬಿದ ಹೊಲಗಳು ಇನ್ನೂ ಬಹಳ.

ಈಗ ಆ ಬಸ್ಸು ಹೋಗುವ ದಾರಿಯನ್ನು ನೋಡಿ. ತುಂಗೆ, ಭದ್ರೆಯರು ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದ ಮಳೆಕಾಡಿನಲ್ಲಿ. ಕೂಡಲಿಯಲ್ಲಿ ಒಂದಾಗಿ ಇತ್ತ ಇಳಿದು ಬರುತ್ತಾರೆ. ನೀರು ಆ ಬೆಟ್ಟಗಳಿಂದ ಇಳಿದು ಬರುತ್ತದೆ. ನೀರು ದಕ್ಕದ ಜನ ಅದೇ ಬೆಟ್ಟಗಳ ಕಡೆಗೆ ಹತ್ತಿ ಹೋಗುತ್ತಾರೆ. ಎಂಥ ವಿಪರ್ಯಾಸ! ಅಲ್ಲಿ ಹಸಿರಿದೆ, ಮಳೆಯಿದೆ, ಕಾಫಿ, ಮೆಣಸಿನ ಸಿರಿಯಿದೆ. ಇವರ ಪಾಲಿಗೆ ಮಾತ್ರ ಲೈನ್ ಮನೆಯ ಒಂದು ಕೋಣೆ, ಕೊಯ್ದ ಹಣ್ಣಿನ ತೂಕಕ್ಕೆ ತಕ್ಕ ಕೂಲಿ. ಅದರಲ್ಲೂ ಮೇಸ್ತ್ರಿ ಕೊಟ್ಟ ಮುಂಗಡ ಮೊದಲು ತೀರಬೇಕು.

ನಾನೊಬ್ಬ ಶಿಕ್ಷಕ. ಬಡತನವನ್ನು ನಾನು ಲೆಕ್ಕಪತ್ರಗಳಲ್ಲಿ ಹುಡುಕುವುದಿಲ್ಲ, ಹಾಜರಿ ಪುಸ್ತಕದಲ್ಲಿ ಕಾಣುತ್ತೇನೆ. ಶಾಲೆ ಚೆನ್ನಾಗಿ ನಡೆಯುವ ನವೆಂಬರ್‌ನಿಂದ ಫೆಬ್ರವರಿವರೆಗೆ ಕೆಲವು ಹೆಸರುಗಳ ಮುಂದೆ ಬರೀ ಗೈರುಹಾಜರಿ. ಯುಗಾದಿಗೆ ಮರಳುವ ಮಗು ಗುಣಾಕಾರ ಮರೆತಿರುತ್ತದೆ. ತಮ್ಮನನ್ನು ಎತ್ತಿಕೊಂಡು ತೋಟದಲ್ಲಿ ಕೂತ ಅಕ್ಕ ಕೆಲವೊಮ್ಮೆ ಶಾಲೆಗೆ ಮರಳುವುದೇ ಇಲ್ಲ.

ನದಿಯನ್ನು ಹಿಂದಕ್ಕೆ ಹರಿಸಲು ನಮ್ಮಿಂದಾಗದು. ಆದರೆ ತಂದೆತಾಯಿ ಗುಳೆ ಹೋದಾಗ ಮಗುವನ್ನು ಊರಲ್ಲೇ ಉಳಿಸಿ, ಉಣಿಸಿ, ಓದಿಸುವ ಹಂಗಾಮಿ ವಸತಿಯ ವ್ಯವಸ್ಥೆ ಮಾಡಬಹುದಲ್ಲವೇ? ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ಆ ಹಣ್ಣು ಕೊಯ್ದ ಕೈ ಯಾರದೆಂದು ಒಮ್ಮೆ ಯೋಚಿಸಿ.