ಡಿಶ್ ನೋಡಿ ಊರು ಹೇಳಿ

ತುಲೂಸ್ ಬಿಟ್ಟು ಹೆದ್ದಾರಿಯಲ್ಲಿ ಆಜೆನ್‌ವರೆಗೆ ಬಂದು, ಅಲ್ಲಿಂದ ಸಣ್ಣ ರಸ್ತೆಗೆ ಇಳಿದದ್ದೇ ತಡ, ಫೋನಿನ ನೆಟ್‌ವರ್ಕ್ ಕಡ್ಡಿಗಳು ಒಂದೊಂದಾಗಿ ಉದುರತೊಡಗಿದವು. ಕಾರು ಓಡಿಸುತ್ತಿದ್ದ ಅಣ್ಣನ ಮಗಳು ರಸ್ತೆಯಿಂದ ಕಣ್ಣು ತೆಗೆಯದೆ, "ಕಾಕಾ, ಮುಂದ ಸಿಗ್ನಲ್ ಬರಂಗಿಲ್ಲ. ಅದಕ್ಕ ಮ್ಯಾಪ್ ರಾತ್ರೀನ ಡೌನ್‌ಲೋಡ್ ಮಾಡಿಟ್ಟೀನಿ" ಅಂದಳು. ನನಗೆ ನಂಬಿಕೆ ಬರಲಿಲ್ಲ. ಈಗಷ್ಟೇ ಬಿಟ್ಟುಬಂದ ತುಲೂಸ್‌ನಲ್ಲಿ ಉಪಗ್ರಹಗಳನ್ನೇ ಕಟ್ಟುತ್ತಾರೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯ ದೊಡ್ಡ ಕೇಂದ್ರ ಅಲ್ಲೇ ಇದೆ. ಅಂಥ ಊರಿನಿಂದ ಎರಡು ತಾಸು ಬರುವಷ್ಟರಲ್ಲಿ ಫೋನು ಮೂಕ! ಸಿಂಧನೂರಿನ ಕಾಲುವೆ ದಂಡೆಯ ಮೇಲೆ ಕೂತು ಫೋನಿನಲ್ಲಿ ಐಪಿಎಲ್ ನೋಡುವ ನಮ್ಮ ಹುಡುಗರಿಗೆ ಹೇಳಿದರೆ ನಗುತ್ತಾರೆ. ಕಿಟಕಿಯ ಹೊರಗೆ ಮಾತ್ರ ಎರಡೂ ಬದಿಗೆ ಸೂರ್ಯಕಾಂತಿ ಹೊಲ. ನಮ್ಮ ರಾಯಚೂರು ಸೀಮೆಯ ಸೂರ್ಯಕಾಂತಿಯೇ. ಆದರೆ ಹೊಲದಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಹಕ್ಕಿ ಓಡಿಸುವವರೂ ಇಲ್ಲ.

ನಾವು ಹೊರಟದ್ದು ನೈಋತ್ಯ ಫ್ರಾನ್ಸಿನ ದೊರ್ದೋನ್ ಜಿಲ್ಲೆಯ ಎಯ್ಮೆ ಎಂಬ ಊರಿಗೆ. ದ್ರೊ ಎಂಬ ಪುಟ್ಟ ಹೊಳೆಯ ದಂಡೆಯ ಈ ಊರನ್ನು ಕಟ್ಟಿಸಿದ್ದು 1270ರಲ್ಲಿ. ನಡುವೆ ಚೌಕ, ಚೌಕದ ಸುತ್ತ ಕಮಾನಿನ ಮೊಗಸಾಲೆಗಳು, ಅದರಾಚೆ ಕೋಟೆಯ ಅವಶೇಷ. ಗುರುವಾರ ಸಂತೆ. ನಾವು ಹೋದದ್ದೂ ಗುರುವಾರವೇ. ಸಂತೆಯೊಳಗೆ ಕಾಲಿಟ್ಟರೆ ಕಿವಿಗೆ ಬೀಳುವುದು ಫ್ರೆಂಚಿಗಿಂತ ಹೆಚ್ಚಾಗಿ ಇಂಗ್ಲಿಷು! ಚೀಸ್ ಮಾರುವವ ಇಂಗ್ಲಿಷಿನಲ್ಲಿ ಬೆಲೆ ಹೇಳುತ್ತಾನೆ. ಒಂದು ಅಂಗಡಿಯಲ್ಲಿ ಇಂಗ್ಲೆಂಡಿನ ಚಹಾ ಪುಡಿ, ಡಬ್ಬಿಯ ಬೀನ್ಸು, ಬಿಸ್ಕತ್ತು. ಊರಾಚೆ ಕ್ರಿಕೆಟ್ ಕ್ಲಬ್ಬೂ ಉಂಟು. ಪಕ್ಕದ ಬೆರ್ಜೆರಾಕ್ ವಿಮಾನ ನಿಲ್ದಾಣಕ್ಕೆ ಇಂಗ್ಲೆಂಡಿನಿಂದ ಅಗ್ಗದ ವಿಮಾನಗಳು ಬಂದಿಳಿಯತೊಡಗಿದ ಮೇಲೆ ಹಳೆಯ ತೋಟದ ಮನೆಗಳನ್ನು, ದನದ ಕೊಟ್ಟಿಗೆಗಳನ್ನು ಕೊಂಡು ನೆಲೆಸಿದ ಬ್ರಿಟಿಷರು ಇವರು. ಬಿಸಿಲು ಬೇಕು, ದ್ರಾಕ್ಷಾರಸ ಬೇಕು, ಸದ್ದು ಬೇಡ ಎಂದು ಬಂದವರು.

ಮಧ್ಯಾಹ್ನ ಹನ್ನೆರಡಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಔಷಧಿ ಅಂಗಡಿಯೂ ಮುಚ್ಚಿದೆ. ಎರಡು ಗಂಟೆಯವರೆಗೆ ಊಟ ಬಿಟ್ಟರೆ ಇನ್ನೇನೂ ಸಿಗದು, ಎರಡಾದ ಮೇಲೆ ಊಟ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಹಸಿರೆಲೆಯ ಸಲಾಡ್ ತರಿಸೋಣ ಎಂದರೆ, ಇಲ್ಲಿ ಸಲಾಡಿನೊಳಗೂ ಬಾತುಕೋಳಿ ಅಡಗಿ ಕೂತಿರುತ್ತದಂತೆ. ಮಗಳು ಮುತುವರ್ಜಿಯಿಂದ ಮೂರು ಸಲ ಬಿಡಿಸಿ ಹೇಳಿ ಆಮ್ಲೆಟ್ ತರಿಸಿದಳು. ಚೀಲದಲ್ಲಿದ್ದ ಶೇಂಗಾ ಹಿಂಡಿ ಅದಕ್ಕೆ ಜತೆಯಾಯಿತು.

ಉಳಿದುಕೊಂಡದ್ದು ಊರಿಂದ ಆರೇಳು ಕಿಲೋಮೀಟರ್ ದೂರದ ಒಂದು ಕಲ್ಲಿನ ಮನೆಯಲ್ಲಿ. ಯಜಮಾನರು ನಿವೃತ್ತ ಮೇಷ್ಟ್ರು, ಅವರ ಹೆಂಡತಿ ನಿವೃತ್ತ ನರ್ಸ್. ಇಬ್ಬರೂ ಉತ್ತರ ಇಂಗ್ಲೆಂಡಿನವರು. ಅಂಗಳದಲ್ಲಿ ಅಕ್ರೋಟಿನ ಮರ, ಕೊಟ್ಟಿಗೆಯ ಗೋಡೆಗೆ ಡಿಶ್. ಆ ಡಿಶ್ ನೋಡಿ ನಾನು ನಿಂತುಬಿಟ್ಟೆ. ಅದು ಗೋಡೆಗೆ ಸಮನಾಗಿ, ಹೆಚ್ಚುಕಡಿಮೆ ನೆಟ್ಟಗೆ ನಿಂತು ದೂರದ ಹೊಲವನ್ನು ದಿಟ್ಟಿಸುತ್ತಿದೆ! ನಮ್ಮ ಕಡೆ ಡಿಶ್ ಅಂದರೆ ಅಂಗಾತ ಮಲಗಿ ಆಕಾಶ ನೋಡುವಂಥದ್ದು. ಕಾರಣ ಸರಳ. ಟಿವಿ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೇರಕ್ಕೆ, 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿವೆ. ಕರ್ನಾಟಕದಿಂದ ಅವು ಹೆಚ್ಚುಕಡಿಮೆ ನೆತ್ತಿಯ ಮೇಲೆ. ಸುಮಾರು 45 ಡಿಗ್ರಿ ಉತ್ತರದಲ್ಲಿರುವ ಈ ಊರಿಗೆ, ಈ ಡಿಶ್ ನೋಡುವ ಉಪಗ್ರಹ ಸುಮಾರು 31 ಡಿಗ್ರಿಯಷ್ಟೇ ಎತ್ತರದಲ್ಲಿ, ಆಗ್ನೇಯಕ್ಕೆ.

ಇನ್ನೊಂದು ಸೋಜಿಗ ಮರುದಿನ ಕಂಡಿತು. ಇಲ್ಲಿ ಡಿಶ್ ಯಾವ ದಿಕ್ಕಿಗಿದೆ ಎಂದು ನೋಡಿ ಮನೆಯವರ ದೇಶ ಹೇಳಬಹುದು. ಬ್ರಿಟಿಷರದು 28.2 ಡಿಗ್ರಿ ಪೂರ್ವ ರೇಖಾಂಶದ ಆಸ್ಟ್ರಾ ಉಪಗ್ರಹಗಳ ಕಡೆಗೆ. ಫ್ರೆಂಚರದು 19.2 ಡಿಗ್ರಿ ಪೂರ್ವಕ್ಕೋ 5 ಡಿಗ್ರಿ ಪಶ್ಚಿಮಕ್ಕೋ. ಮೊರಾಕೊ, ಅಲ್ಜೀರಿಯಾದಿಂದ ಬಂದವರಲ್ಲಿ ಹಲವರದು 13 ಡಿಗ್ರಿ ಪೂರ್ವದ ಹಾಟ್‌ಬರ್ಡ್ ಕಡೆಗೆ. ಪೋರ್ಚುಗೀಸರ ಡಿಶ್ ಮಾತ್ರ ಎಲ್ಲರಿಗೂ ಬೆನ್ನು ಮಾಡಿ ನೈಋತ್ಯದ ಅಟ್ಲಾಂಟಿಕ್ ಕಡೆಗೆ ತಿರುಗಿರುವುದುಂಟು. ಅವರ ಉಪಗ್ರಹ 30 ಡಿಗ್ರಿ ಪಶ್ಚಿಮದಲ್ಲಿದೆ. ಬೆರ್ಜೆರಾಕ್ ದಾರಿಯಲ್ಲಿ ನಾನೂ ಮಗಳೂ ಇದೇ ಆಟ ಆಡುತ್ತ ಹೋದೆವು. ಒಂದು ಮನೆಯ ಮೇಲೆ ಮೂರು ದಿಕ್ಕಿನ ಮೂರು ಡಿಶ್. "ಕಾಕಾ, ಇದು ಯಾರದು?" ಗಂಡ ಒಂದು ದೇಶ, ಹೆಂಡತಿ ಒಂದು ದೇಶ, ಮಕ್ಕಳು ಫ್ರೆಂಚರು ಎಂದು ತೀರ್ಪು ಕೊಟ್ಟೆ. ಎಯ್ಮೆಯ ಚೌಕದಲ್ಲಿ ಈ ಆಟ ನಡೆಯದು. ಫ್ರಾನ್ಸಿನಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 500 ಮೀಟರಿನೊಳಗೆ ಮನೆಯ ಹೊರರೂಪ ಬದಲಿಸಲು ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಹಾಗಾಗಿ ಅಲ್ಲಿನ ಡಿಶ್‌ಗಳೆಲ್ಲ ಹಿತ್ತಲಲ್ಲಿ ಗುಟ್ಟಾಗಿ ಕೂತಿವೆ.

ಸಂಜೆ ಏಳು. ಗೋಡೆಯ ಮೇಲೆ ಎರಡು ಗಡಿಯಾರ. ಒಂದು ಫ್ರಾನ್ಸಿನದು, ಇನ್ನೊಂದು ಒಂದು ಗಂಟೆ ಹಿಂದಿರುವ ಇಂಗ್ಲೆಂಡಿನದು, ಟಿವಿಗೆಂದೇ ಇಟ್ಟದ್ದು. ಅಲ್ಲಿಯ ಆರರ ವಾರ್ತೆ ಇಲ್ಲಿ ಏಳಕ್ಕೆ. ಹೊರಗೆ ಸುಡುವ ಬಿಸಿಲು ಇನ್ನೂ ಇಳಿದಿಲ್ಲ, ಒಳಗೆ ದಂಪತಿ ತಮ್ಮ ಹಳೆಯ ಊರಿಗೆ ನಾಳೆ ಮಳೆಯಿದೆಯೇ ಎಂದು ಕಾತರದಿಂದ ನೋಡುತ್ತಿದ್ದಾರೆ. ಸೆಟ್‌ಟಾಪ್ ಬಾಕ್ಸು ಮೊದಲ ದಿನವೇ ಬ್ರಿಟನ್ನಿನ ಪಿನ್‌ಕೋಡ್ ಕೇಳುತ್ತದಂತೆ, ಯಾವ ಪ್ರಾಂತದ ವಾರ್ತೆ ತೋರಿಸಬೇಕು ಎಂದು ತಿಳಿಯಲಿಕ್ಕೆ. ಇವರು ಮಾರಿ ಬಂದ ಮನೆಯದ್ದನ್ನೇ ಕೊಟ್ಟಿದ್ದಾರೆ. ಅಲ್ಲಿಯ ರಸ್ತೆ ದುರಸ್ತಿ, ಕೌನ್ಸಿಲ್ ಜಗಳ ಎಲ್ಲವೂ ದಿನಾ ಈ ಅಕ್ರೋಟಿನ ತೋಪಿಗೆ ಬಂದಿಳಿಯುತ್ತವೆ. "ಪಕ್ಕದ ಹಳ್ಳಿಯ ಮೇಯರ್ ಯಾರು?" ಎಂದು ಕೇಳಿದೆ. ಗಂಡ ಹೆಂಡತಿಯ ಮುಖ ನೋಡಿದರು, ಹೆಂಡತಿ ಟಿವಿ ನೋಡಿದರು.

ವಾರ್ತೆ ಮುಗಿಯುವ ಮೊದಲೇ ಗುಡುಗು. ಕಪ್ಪು ಮೋಡ ಆಗ್ನೇಯಕ್ಕೆ ಕವಿಯಿತು. ಪರದೆಯ ಮೇಲಿನ ಮುಖ ಚೌಕಚೌಕವಾಗಿ ಒಡೆದು, ಬಾಯಿ ಒಂದು ಕಡೆ ಕಣ್ಣು ಒಂದು ಕಡೆ ಆಗಿ, ಕೊನೆಗೆ ಎಲ್ಲ ಮಾಯ. ದಟ್ಟ ಮಳೆ ಉಪಗ್ರಹದ ಅಲೆಗಳನ್ನು ಕುಡಿದುಬಿಡುತ್ತದೆ. ಅದರಲ್ಲಿ ನಮ್ಮ ಮುಂಗಾರಿಗೂ ಇವರ ಬೇಸಿಗೆ ಮಳೆಗೂ ಭೇದವಿಲ್ಲ. ಯಜಮಾನರಿಗೆ ಮಳೆಯ ಮೇಲೆ ಸಿಟ್ಟಿಲ್ಲ, ಅಕ್ರೋಟಿನ ಮರದ ಮೇಲೆ ಇದೆ. ಚಳಿಗಾಲದಲ್ಲಿ ಎಲೆ ಉದುರಿದಾಗ ಚಿತ್ರ ಸ್ವಚ್ಛ, ವಸಂತದಲ್ಲಿ ಚಿಗುರಿದಾಗ ಬಿಬಿಸಿ ಕುಂಟುತ್ತದೆ. ಟೊಂಗೆ ಕಡಿಯಲು ಹೆಂಡತಿ ಬಿಡುವುದಿಲ್ಲ.

ಮಳೆ ನಿಲ್ಲುವವರೆಗೆ ಅವರು ಹೇಳಿದ ಕತೆ ನನಗೆ ಟಿವಿಗಿಂತ ರುಚಿಸಿತು. 2003ರಲ್ಲಿ ಬಿಬಿಸಿ ತನ್ನ ಉಪಗ್ರಹ ಚಾನೆಲ್‌ಗಳ ಬೀಗ ತೆಗೆಯಿತು. ಕಾರ್ಡಿಲ್ಲದೆ ಯಾರು ಬೇಕಾದರೂ ನೋಡಬಹುದು. ಆದರೆ ಸಿನಿಮಾ, ಆಟಗಳ ಹಕ್ಕು ಕೊಂಡದ್ದು ಬ್ರಿಟನ್ನಿಗೆ ಮಾತ್ರ. ಅದಕ್ಕೇ ಆಸ್ಟ್ರಾ 2ಡಿ ಎಂಬ ಉಪಗ್ರಹದ ಇಕ್ಕಟ್ಟಾದ ಕಿರಣದಲ್ಲಿ, ಬ್ರಿಟನ್ನಿನ ಮೇಲೆ ಬೀಳುವಂತೆ ಬಿಟ್ಟರು. ಟಾರ್ಚಿನ ಬೆಳಕು ಗುರಿಯಾಚೆಗೂ ಒಂದಿಷ್ಟು ಚೆಲ್ಲುತ್ತದಲ್ಲ, ಹಾಗೆ ಫ್ರಾನ್ಸ್, ಸ್ಪೇನ್‌ಗಳಿಗೂ ಚೆಲ್ಲಿತು. ಆ ಚೆಲ್ಲಿದ ಬೆಳಕಿನಲ್ಲೇ ವಲಸೆ ಬಂದ ಬ್ರಿಟಿಷರು ಸಂಸಾರ ಹೂಡಿದರು. 2014ರಲ್ಲಿ ಚಾನೆಲ್‌ಗಳು ಹೊಸ ಆಸ್ಟ್ರಾ 2ಇ ಉಪಗ್ರಹಕ್ಕೆ ಬದಲಾದಾಗ ಕಿರಣದ ಅಂಚು ಇನ್ನೂ ಕಿರಿದಾಯಿತು. ದೊರ್ದೋನ್ ಉಳಿದುಕೊಂಡಿತು, ಸ್ಪೇನಿನ ಕರಾವಳಿಯ ಎಷ್ಟೋ ಮನೆಗಳಲ್ಲಿ ಪರದೆ ಕಪ್ಪಾಯಿತು. ಆ ಉಪಗ್ರಹ ಕಟ್ಟಿದ ಕಂಪನಿಯ ಕಾರ್ಖಾನೆ ಇರುವುದು ನಾವು ಬಿಟ್ಟು ಬಂದ ತುಲೂಸ್‌ನಲ್ಲೇ!

ಈಗ ಕತೆ ಹೇಳುವ ಸರದಿ ನನ್ನದು. ಹಳ್ಳಿಗೆ ಉಪಗ್ರಹದಿಂದ ನೇರ ಟಿವಿ ಬಂದದ್ದು ನಮ್ಮಲ್ಲಿ ನಿಮಗಿಂತ ಮೊದಲು ಎಂದೆ. ಅವರು ನಂಬಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಭಾರತ ಸೈಟ್ ಎಂಬ ಪ್ರಯೋಗ ನಡೆಸಿತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ರಾಯಚೂರು, ಗುಲ್ಬರ್ಗ, ಬಿಜಾಪುರ. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಡಿಶ್ ಅದು. ಪಕ್ಕದೂರಿನ ಶಾಲೆಯ ಮುಂದೆ ಸಂಜೆ ಜಾತ್ರೆಯಂತೆ ಜನ ಸೇರುತ್ತಿದ್ದದ್ದು ನನ್ನ ಬಾಲ್ಯದ ನೆನಪು. ಅವ್ವ ಬುತ್ತಿ ಕಟ್ಟಿಕೊಂಡು ಕರೆದೊಯ್ದಿದ್ದಳು. ಎಟಿಎಸ್-6 ಎಂಬ ಆ ಉಪಗ್ರಹ ಅಮೆರಿಕದ್ದು, ಒಂದು ವರ್ಷದ ಎರವಲು. 1976ರ ಜುಲೈ ಮುಗಿದದ್ದೇ ಅದನ್ನು ವಾಪಸ್ ಕರೆಸಿಕೊಂಡರು. ಹತ್ತಡಿ ಡಿಶ್ ಇದೆ, ಟಿವಿ ಇದೆ, ಮೇಲೆ ಏನೂ ಇಲ್ಲ. ಇದನ್ನು ಕೇಳಿ ಯಜಮಾನರು, "ಹಾಗಾದರೆ ಸ್ಪೇನಿನ ಇಂಗ್ಲಿಷರ ಕಷ್ಟ ನಿಮ್ಮ ಹಳ್ಳಿಗೆ ಅರ್ಥವಾಗುತ್ತದೆ" ಎಂದರು. ಆ ಪ್ರಯೋಗದ ಹೊತ್ತಿನಲ್ಲೇ ಕೊಲಂಬೊದಲ್ಲಿದ್ದ ಒಬ್ಬ ಇಂಗ್ಲಿಷನ ಮನೆಗೂ ಭಾರತ ಒಂದು ಡಿಶ್ ಹಾಕಿಕೊಟ್ಟಿತ್ತು: ಆರ್ಥರ್ ಸಿ. ಕ್ಲಾರ್ಕ್. ಭೂಮಿಯೊಂದಿಗೆ ಸಮನಾಗಿ ಸುತ್ತುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದವರು. ಪರದೇಶದಲ್ಲಿ ಕೂತು ಡಿಶ್ ಹಾಕಿಸಿಕೊಂಡ ಇಂಗ್ಲಿಷರಿಗೆ ಅವರನ್ನೇ ಮೂಲಪುರುಷ ಎನ್ನಬಹುದು.

ಇಂಟರ್ನೆಟ್ಟಿನ ಕತೆ ಬೇರೆ. ಮನೆಯ ಗೋಡೆ ಎರಡಡಿ ಕಲ್ಲು. ವೈಫೈ ಅಡುಗೆಮನೆ ದಾಟಿ ಬರುವುದಿಲ್ಲ. ನಾನು ಮಲಗಿದ ಕೋಣೆಯಿಂದ ರಾಯಚೂರಿಗೆ ಒಂದು ಸಂದೇಶ ಕಳಿಸಬೇಕೆಂದರೆ ಪೈಜಾಮದಲ್ಲೇ ಅಂಗಳಕ್ಕೆ ಇಳಿದು ನಾಯಿಗೆ ಲಂಚವಾಗಿ ಬಿಸ್ಕತ್ತು ಕೊಟ್ಟು ಹೋಗಬೇಕು. ಮೊದಲು ಇವರಿಗಿದ್ದದ್ದು ತಾಮ್ರದ ಫೋನ್ ತಂತಿ. ವಿನಿಮಯ ಕೇಂದ್ರ ದೂರವಾದಷ್ಟೂ ಅದು ತೆವಳುತ್ತದೆ. ಆಮೇಲೆ ಉಪಗ್ರಹ ಇಂಟರ್ನೆಟ್ ಹಾಕಿಸಿದರು. ಮಾತು 36 ಸಾವಿರ ಕಿಲೋಮೀಟರ್ ಏರಿ ಇಳಿದು, ಉತ್ತರವೂ ಅಷ್ಟೇ ಏರಿ ಇಳಿದು ಬರಬೇಕು. ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡು. ಮೊಮ್ಮಗಳ ಜತೆ ವಿಡಿಯೊ ಕರೆಯೆಂದರೆ ಇಬ್ಬರೂ ಒಟ್ಟಿಗೆ ಮಾತಾಡುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು.

ಯುರೋಪಿನ ಹಳ್ಳಿಗಳಿಗೆ ಇಂಟರ್ನೆಟ್ ಕೊಡಲೆಂದು 2010ರ ನವೆಂಬರಿನಲ್ಲಿ ಹಾರಿದ ಹೈಲಾಸ್-1 ಎಂಬ ಉಪಗ್ರಹದ ಒಡಲು ಕಟ್ಟಿದ್ದು ಬೆಂಗಳೂರಿನ ಇಸ್ರೋ ಎಂದು ಹೇಳಿದಾಗ ಯಜಮಾನತಿ ನನಗೆ ಇನ್ನೊಂದು ತುಂಡು ಕೇಕ್ ಕೊಟ್ಟರು. ದೇಶದ ಪರವಾಗಿ ಸ್ವೀಕರಿಸಿದೆ. ಅದರ ಮರುತಿಂಗಳು ಹಾರಿದ ಇಂಥದ್ದೇ ಇನ್ನೊಂದು ಉಪಗ್ರಹ ಕಾ-ಸ್ಯಾಟ್‌ನ ಕತೆ ಮಾತ್ರ ಪತ್ತೇದಾರಿ ಕಾದಂಬರಿಯದು. 2022ರ ಫೆಬ್ರುವರಿ 24ರ ಬೆಳಗಿನ ಜಾವ, ರಷ್ಯಾ ಉಕ್ರೇನಿಗೆ ನುಗ್ಗುವ ಸುಮಾರು ಒಂದು ತಾಸು ಮುಂಚೆ, ಅದರ ಜಾಲದ ಮೇಲೆ ಸೈಬರ್ ದಾಳಿ ನಡೆಯಿತು. ಗುರಿ ಉಕ್ರೇನ್, ಏಟು ಬಿದ್ದದ್ದು ಯುರೋಪಿನಾದ್ಯಂತ ಸಾವಿರಾರು ಮೋಡೆಮ್‌ಗಳಿಗೆ. ಫ್ರಾನ್ಸಿನ ಹಳ್ಳಿಮನೆಗಳೂ ಕತ್ತಲಾದವು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣವೇ ಕಡಿದುಹೋಯಿತು. ಯುದ್ಧದ ಮೊದಲ ಗುಂಡು ಅಕ್ರೋಟಿನ ತೋಪಿನ ಮನೆಗಳಿಗೂ ತಗಲಿತ್ತು ಎಂದರೆ ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆಯೇ.

ಈಗ ಹುಲ್ಲಿನ ಮೇಲೆ ಚಪ್ಪಟೆಯಾದ ಬಿಳಿ ಹಲಗೆಯೊಂದು ಮಲಗಿದೆ: ಸ್ಟಾರ್‌ಲಿಂಕ್. ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಓಡುವ ಉಪಗ್ರಹಗಳಾದ್ದರಿಂದ ಮಾತು ತಡವರಿಸುವುದಿಲ್ಲ. ಬೆಕ್ಕಿಗೆ ಅದರ ಬಿಸಿ ಇಷ್ಟ. ರಸ್ತೆ ಬದಿಯ ಕಂಬಗಳಲ್ಲಿ ಫೈಬರ್ ಕೂಡ ಹತ್ತಿರ ಬರುತ್ತಿದೆ; 2030ರೊಳಗೆ ತಾಮ್ರದ ಜಾಲವನ್ನೇ ಮುಚ್ಚಲು ಫ್ರಾನ್ಸ್ ಹೊರಟಿದೆ. ಗೋಡೆಯ ಡಿಶ್‌ಗೆ ಇನ್ನೆಷ್ಟು ಆಯುಷ್ಯವೋ. 2024ರ ಜನವರಿಯಲ್ಲಿ ಬಿಬಿಸಿ ಹಳೆಯ ಎಸ್‌ಡಿ ಪ್ರಸಾರ ನಿಲ್ಲಿಸಿದ ದಿನ ಈ ಸೀಮೆಯ ಎಷ್ಟೋ ಹಳೆಯ ಬಾಕ್ಸುಗಳು ಕಸಕ್ಕೆ ಹೋದವಂತೆ. ಬಿಬಿಸಿಯನ್ನು ಇಂಟರ್ನೆಟ್ಟಿನಲ್ಲಿ ನೋಡೋಣವೆಂದರೆ ಬ್ರಿಟನ್ನಿನ ಹೊರಗೆ ಅದಕ್ಕೆ ಬಾಗಿಲಿಲ್ಲ. ಕ್ರಿಕೆಟ್ಟಂತೂ ಕೇಳಲೇಬೇಡಿ, 2005ರ ಆ್ಯಶಸ್ ಆದಮೇಲೆ ಇಂಗ್ಲೆಂಡಿನ ತವರು ಟೆಸ್ಟ್‌ಗಳು ದುಡ್ಡಿನ ಚಾನೆಲ್ಲಿಗೆ ಹೋದವು, ಆ ಚಾನೆಲ್ಲು ಫ್ರಾನ್ಸಿನ ವಿಳಾಸಕ್ಕೆ ಕಾರ್ಡು ಕೊಡುವುದಿಲ್ಲ. ದ್ರಾವಿಡ್, ಕುಂಬ್ಳೆ ಊರಿನವ ಬಂದಿದ್ದಾನೆಂದು ನೆರೆಯ ಮುದುಕರಿಬ್ಬರು ಬಂದು ಹಳೆಯ ಟೆಸ್ಟ್‌ಗಳ ಲೆಕ್ಕ ಒಪ್ಪಿಸಿ ಹೋದರು. ನೋಡಲು ಸಿಗದವರಿಗೆ ನೆನಪು ಗಟ್ಟಿ.

ನನ್ನನ್ನು ಕೇಳಿದರೆ, ಇವರಲ್ಲಿ ಹಾಯಾಗಿರುವವರು ಗುರುವಾರ ಸಂತೆಗೆ ಬಂದು ಹರಕುಮುರಕು ಫ್ರೆಂಚಿನಲ್ಲಿ ಚೌಕಾಸಿ ಮಾಡುವವರೇ. ಡಿಶ್ ನಂಬಿ ಮನೆಯೊಳಗೇ ಉಳಿದವರು ಸ್ವಲ್ಪ ಬಾಡಿದಂತೆ ಕಂಡರು. ಈ ಸೀಮೆಗೆ ಹೋಗುವವರು ಗುರುವಾರವೇ ಹೋಗಿ, ಬೇಕಾದ್ದನ್ನೆಲ್ಲ ಹನ್ನೆರಡರೊಳಗೆ ಕೊಂಡುಬಿಡಿ, ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ, ಶೇಂಗಾ ಹಿಂಡಿ ಮರೆಯಬೇಡಿ. ಕೋಣೆ ಹಿಡಿಯುವಾಗ ವೈಫೈ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಮನೆಯ ಯಾವ ಮೂಲೆಯಲ್ಲಿದೆ ಎಂದೂ ಕೇಳಿ.