ಗಾಲಿಯ ಮೇಲಿನ ನಿದ್ದೆ

(ಅಂತಿಮ ಬಿ. ಎ. ವಿದ್ಯಾರ್ಥಿ)

ನಿದ್ದೆಯ ವಿಷಯದಲ್ಲಿ ಮನುಷ್ಯರನ್ನು ಎರಡು ಪಂಗಡವಾಗಿ ವಿಂಗಡಿಸಬಹುದೆಂದು ನನಗೆ ತೋರುತ್ತದೆ. ಹಾಸಿಗೆ ಇದ್ದಲ್ಲಿಗೆ ತಾವು ಹೋಗುವವರು ಒಂದು ಪಂಗಡ. ತಾವು ಹೋದಲ್ಲಿಗೆ ಹಾಸಿಗೆಯನ್ನು ಒಯ್ಯುವವರು ಇನ್ನೊಂದು. ಮೊದಲನೆಯವರ ಸುಖನಿದ್ರೆಯನ್ನು ಕವಿಗಳು ಬೇಕಾದಷ್ಟು ವರ್ಣಿಸಿದ್ದಾರೆ. ಎರಡನೆಯವರ ಗೋಜಿಗೆ ಹೋದವರು ಕಡಮೆ. ಕುರಿ ಮಂದೆಯ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗುವವರು, ಲಾರಿಯ ಕ್ಯಾಬಿನ್ನಿನಲ್ಲಿ ಮುದುಡಿಕೊಳ್ಳುವವರು, ಬೋರು ಕೊರೆಯುವ ಗಾಡಿಯ ಕೆಳಗೆ ಕಬ್ಬಿಣದ ಸದ್ದಿನಲ್ಲೇ ಕಣ್ಣು ಮುಚ್ಚುವವರು, ಇವರೆಲ್ಲ ಈ ಪಂಗಡದವರು. ನಮ್ಮ ಅಪ್ಪನೂ ಇದೇ ಪಂಗಡಕ್ಕೆ ಸೇರಿದವರು. ಅವರ ಹಾಸಿಗೆಗೆ ಎರಡು ಗಾಲಿಗಳಿವೆ. ಆ ಹಾಸಿಗೆಯ ಕಥೆಯನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ನಮ್ಮ ಊರು ಯಗಟಿ. ಚಿಕ್ಕಮಗಳೂರು ಜಿಲ್ಲೆಯವನೆಂದರೆ ಸಹಪಾಠಿಗಳು ಕೂಡಲೆ ಕಾಫಿ ತೋಟ, ಮಂಜು, ಬಾಬಾಬುಡನ್ ಗಿರಿ ಎನ್ನುತ್ತಾರೆ. ಆ ಗಿರಿಯೇ ನಮಗೆ ಅಡ್ಡ. ಮುಂಗಾರಿನ ಮೋಡ ಅದರ ಪಡುವಣ ಮಗ್ಗುಲಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ, ನಮ್ಮ ಕಡೂರು ಸೀಮೆಗೆ ಬರುವ ಹೊತ್ತಿಗೆ ಕೈ ಬರಿದು ಮಾಡಿಕೊಂಡಿರುತ್ತದೆ. ಆದ್ದರಿಂದ ನಮ್ಮ ತೆಂಗಿಗೆ ಆಕಾಶಕ್ಕಿಂತ ಪಾತಾಳವೇ ಗತಿ; ಎಂದರೆ ಕೊಳವೆ ಬಾವಿ. ಕೊಳವೆ ಬಾವಿಗೆ ಮೋಟಾರು ಬೇಕು, ಮೋಟಾರಿಗೆ ಮೂರು ಫೇಸಿನ ಕರೆಂಟು ಬೇಕು. ಅದು ಬರುವುದು ದಿನಕ್ಕೆ ಏಳು ಗಂಟೆಯ ಆಸುಪಾಸು, ಅದೂ ಸರದಿಯ ಮೇಲೆ. ಸರದಿ ಹಗಲಿಗೆ ಬಿದ್ದರೆ ನಮ್ಮ ಪುಣ್ಯ. ರಾತ್ರಿಗೆ ಬಿದ್ದರೆ ಅಪ್ಪನ ನಿದ್ದೆಗೆ ಸಂಚಕಾರ.

"ಈಗ ತಾನೇ ಚಾಲೂ ಆಗುವ ಸ್ಟಾರ್ಟರುಗಳಿವೆಯಲ್ಲ, ಮನೆಯಲ್ಲೇ ಮಲಗಬಾರದೆ?" ಎಂದು ಪಟ್ಟಣದ ಗೆಳೆಯರು ಕೇಳುವುದುಂಟು. ಆಟೊ ಸ್ಟಾರ್ಟರು ಮೋಟಾರನ್ನು ಓಡಿಸಬಲ್ಲದು, ನಿಜ. ಆದರೆ ಒಂದು ಸಾಲಿಗೆ ನೀರು ಸಾಕಾದಾಗ ಗೇಟ್ ವಾಲ್ವನ್ನು ತಿರುಗಿಸಿ ಇನ್ನೊಂದು ಸಾಲಿಗೆ ಬಿಡುವುದು ಅದಕ್ಕೆ ತಿಳಿಯದು. ಪೈಪು ಒಡೆದರೆ ಕಟ್ಟಲಾರದು. ಬಾವಿಯಲ್ಲಿ ನೀರು ಕಡಮೆಯಾಗಿ ಗಾಳಿ ಉಗುಳತೊಡಗಿದರೆ ಆ ಸದ್ದನ್ನು ಗುರುತಿಸಲು ಅನುಭವಸ್ಥನ ಕಿವಿಯೇ ಬೇಕು. ಇದಲ್ಲದೆ ತಾಮ್ರದ ಕೇಬಲ್ಲನ್ನು ಕತ್ತರಿಸಿಕೊಂಡು ಹೋಗುವ ಕಳ್ಳರ ಕಾಟ ಬೇರೆ. ಹೀಗಾಗಿ ಯಾರಾದರೊಬ್ಬರು ತೋಟದಲ್ಲಿ ಇರಲೇಬೇಕು. ವರ್ಷಗಟ್ಟಲೆ ಅಪ್ಪ ಮೋಟಾರು ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದರು. ಎರಡು ಬೇಸಿಗೆಗಳ ಹಿಂದೆ ಪಕ್ಕದ ತೋಟದವರೊಬ್ಬರು ಹಾಗೆಯೇ ನೆಲದ ಮೇಲೆ ಮಲಗಿದ್ದು, ನಡುರಾತ್ರಿಯಲ್ಲಿ ಕರೆಂಟು ಬಂದಾಗ ಎದ್ದು ಕತ್ತಲಲ್ಲಿ ಕಾಲಿಟ್ಟದ್ದು ಮಂಡಲದ ಹಾವಿನ ಮೇಲೆ. ಅವರು ಬದುಕಿಕೊಂಡರು, ಆದರೆ ಆ ಕಾಲು ಇಂದಿಗೂ ನೆಟ್ಟಗಿಲ್ಲ. ಆ ಸುದ್ದಿ ಕೇಳಿದ ದಿನ ಅವ್ವ ಊಟ ಬಡಿಸುತ್ತ, "ನೀವು ಇನ್ಮೇಲೆ ನೆಲದ ಮೇಲೆ ಮಲಗಂಗಿಲ್ಲ, ಅಷ್ಟೆ" ಎಂದಳು. ನಮ್ಮ ಮನೆಯಲ್ಲಿ ಅವ್ವ "ಅಷ್ಟೆ" ಎಂದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ನಮಗಿರುವುದು ಎರಡು ತುಂಡು ಜಮೀನು. ಒಂದಕ್ಕೂ ಇನ್ನೊಂದಕ್ಕೂ ಎರಡು ಮೈಲಿ. ಎರಡು ಕಡೆಯೂ ಮನೆ ಕಟ್ಟುವ ಶಕ್ತಿ ನಮಗಿರಲಿಲ್ಲ. ಮಾವನ ಹಿತ್ತಿಲಲ್ಲಿ ಹಳೆಯ ಟ್ರೇಲರೊಂದು ತುಕ್ಕು ಹಿಡಿದು ನಿಂತಿತ್ತು. ನಮ್ಮೂರಿನ ಬಾಯಲ್ಲಿ ಇದು "ಟೈಲರು". ಹೊಸಬರು ಬಟ್ಟೆ ಹೊಲಿಯುವವನೆಂದು ತಿಳಿದರೆ ಆಶ್ಚರ್ಯವಿಲ್ಲ. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಅದರ ಮೇಲೆ ಪೈಪಿನ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ, ಒಳಗೆ ಹಲಗೆಯ ಮಂಚ ಮಾಡಿ, ಕಿಟಕಿಗೆ ಸೊಳ್ಳೆಯ ಬಲೆ ಬಡಿದಾಗ ಒಂದು ಕೋಣೆಯಾಯಿತು. ನೀರಿನ ಸರದಿ ಯಾವ ತೋಟದ್ದೋ ಆ ತೋಟಕ್ಕೆ ಮಾವನ ಟ್ರ್ಯಾಕ್ಟರು ಅದನ್ನು ಎಳೆದು ನಿಲ್ಲಿಸುತ್ತದೆ.

ಇದನ್ನು ನಾವೇ ಮೊದಲು ಕಂಡುಹಿಡಿದೆವೆಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ಅಜ್ಜನ ಕಾಲದ ಕಮಾನು ಗಾಡಿ ಇದರ ಮೂಲಪುರುಷ. ಬಿದಿರಿನ ತಟ್ಟಿಯ ಕಮಾನು, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಮನೆಮಂದಿಯೆಲ್ಲ ಹೀಗೆ ಗಾಡಿಯಲ್ಲೇ ಮಲಗಿಕೊಂಡು ಹೋಗಿ ಬರುತ್ತಿದ್ದರಂತೆ. ಬಿದಿರಿನ ತಟ್ಟಿಯ ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ಹುಲ್ಲು ಬಿಸಿಯನ್ನು ಮೇಲಕ್ಕೆ ಬಿಡುತ್ತಿರಲಿಲ್ಲ. ತಗಡಿಗೆ ಈ ಗುಣಗಳಿಲ್ಲ. ಏಪ್ರಿಲ್ ತಿಂಗಳಲ್ಲಿ ಹಗಲೆಲ್ಲ ಕಾದ ತಗಡಿನ ಕೋಣೆಯೊಳಗೆ ಸಂಜೆ ಹೊಕ್ಕರೆ, ರೊಟ್ಟಿಗೆ ಹೆಂಚಿನ ಮೇಲೆ ಏನನ್ನಿಸುತ್ತಿರಬಹುದೆಂಬುದು ಚೆನ್ನಾಗಿ ಅರ್ಥವಾಗುತ್ತದೆ. ಹಾವಿನಿಂದ ಪಾರಾದ ಅಪ್ಪನಿಗೆ ಈಗ ಸೆಕೆಯಿಂದ ನಿದ್ದೆಯಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಬಂಧುವೊಬ್ಬರು, "ಒಂದು ಚಿಕ್ಕ ಏ. ಸಿ. ಹಾಕಿಸಿಬಿಡು" ಎಂದು ಸಲಹೆಯಿತ್ತರು. ನಾನು ಕಲಾ ವಿಭಾಗದವನಾದರೂ ಭೌತಶಾಸ್ತ್ರದ ಗೆಳೆಯನೊಬ್ಬನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಒಂದು ಟನ್ನಿನ ಯಂತ್ರ ಸುಮಾರು 1000 ವಾಟ್ ಎಳೆಯುತ್ತದೆ. ಎಂಟು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ ನಾಲ್ಕು ಯೂನಿಟ್ಟು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್ಟು, ಸೀಸದ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅಂದರೆ ಐದು ಬ್ಯಾಟರಿ. ಒಂದೊಂದೂ ಅರ್ಧ ಕ್ವಿಂಟಾಲಿಗೆ ಕಡಮೆಯಿಲ್ಲ. ಅವನ್ನು ತುಂಬಿಸಲು 100 ವಾಟಿನ ಸೌರ ಫಲಕಗಳು ಹತ್ತು ಹನ್ನೆರಡು ಬೇಕು. ನಮ್ಮ ಚಾವಣಿಯಲ್ಲಿ ಅಷ್ಟಕ್ಕೆ ಜಾಗವೇ ಇಲ್ಲ. ಲೆಕ್ಕ ಕೇಳಿದ ಅಪ್ಪ, "ಹಂಗಾದ್ರೆ ಬ್ಯಾಟ್ರಿಗಳು ಮ್ಯಾಲೆ ಮಲಗ್ಲಿ, ನಾನು ಕೆಳಗೆ ಮಲಗ್ತೀನಿ ಬಿಡೋ" ಎಂದು ನಕ್ಕುಬಿಟ್ಟರು.

ಇಲ್ಲೊಂದು ಚರಿತ್ರೆಯ ಸ್ವಾರಸ್ಯವನ್ನು ಹೇಳದೆ ಇರಲಾರೆ. ಹವಾನಿಯಂತ್ರಣ ಯಂತ್ರವನ್ನು ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಇಂಜಿನಿಯರು ರೂಪಿಸಿದ್ದು 1902ರಲ್ಲಿ. ಅದು ಮನುಷ್ಯರಿಗಾಗಿ ಅಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣ ಕೆಡದಿರಲೆಂದು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಯನ್ನು ಸೇರಿತು. ಅದೂ ಮಲಗುವವರ ಸುಖಕ್ಕಾಗಿ ಅಲ್ಲ. ತಂಪೂ ವಿದ್ಯುತ್ತೂ ಮೊದಲು ಹೋದದ್ದು ಸರಕಿನ ಬಳಿಗೆ; ಮನುಷ್ಯನ ಮಂಚದ ಬಳಿಗೆ ಬಂದದ್ದು ಆಮೇಲೆ. ತೋಟದ ಮಂಚದ ಸರದಿ ಎಲ್ಲಕ್ಕಿಂತ ಕೊನೆಯದೆಂದರೆ ಬೆರಗುಪಡಬೇಕಾದ್ದಿಲ್ಲ.

ಕಡೆಗೆ ನಾವು ಹಿಡಿದದ್ದು ಬಡವರ ದಾರಿ. ಬಿಸಿಯನ್ನು ಒಳಗೆ ಬಿಟ್ಟುಕೊಂಡು ಅನಂತರ ಓಡಿಸುವುದಕ್ಕಿಂತ, ಒಳಗೇ ಬರದಂತೆ ನೋಡಿಕೊಳ್ಳುವುದು ಅಗ್ಗ. ತಗಡಿಗೆ ಸುಣ್ಣ ಬಳಿದೆವು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ತಗಡಿನ ಮೇಲೆ ಗೇಣುದ್ದ ಜಾಗ ಬಿಟ್ಟು 100 ವಾಟಿನ ಒಂದು ಸೌರ ಫಲಕವನ್ನು ನಿಲ್ಲಿಸಿ, ಉಳಿದ ಕಡೆ ತೆಂಗಿನ ಗರಿ ಹೆಣೆದು ಹೊದಿಸಿದೆವು. ನಡುವೆ ಗಾಳಿ ಓಡಾಡುವುದರಿಂದ ಮೇಲಿನ ಹೊದಿಕೆ ಕೆಳಗಿನ ತಗಡಿಗೆ ಕೊಡೆ ಹಿಡಿದಂತಾಯಿತು. ಒಳಗೆ 20 ವಾಟಿನ ಒಂದು ಬೀಸಣಿಗೆ, 5 ವಾಟಿನ ಒಂದು ದೀಪ. ರಾತ್ರಿಯೆಲ್ಲ ಬೀಸಿ, ದೀಪ ಉರಿದು, ಮೊಬೈಲು ತುಂಬಿದರೂ ಯೂನಿಟ್ಟಿನ ಐದನೆಯ ಒಂದು ಭಾಗ ಸಾಕು. 40 ಆಂಪಿಯರ್-ಅವರಿನ ಒಂದು ಬ್ಯಾಟರಿ ಅದನ್ನು ಅನಾಯಾಸವಾಗಿ ಕೊಡುತ್ತದೆ. ಫಲಕ ಮರುದಿನ ಅದನ್ನು ತುಂಬಿಸಿ ಇನ್ನೂ ಮಿಗಿಸುತ್ತದೆ. ಪಾವಗಡದ ಸೌರ ಉದ್ಯಾನದ ಶಕ್ತಿ 2050 ಮೆಗಾವಾಟ್ ಎಂದು ಓದಿದ್ದೇನೆ. ಅದು ನಮ್ಮ ಫಲಕದ ಎರಡು ಕೋಟಿ ಐದು ಲಕ್ಷ ಪಟ್ಟು. ಆದರೂ ನಮ್ಮದರ ಕೆಳಗೆ ಅಪ್ಪ ಮಲಗುತ್ತಾರೆ. ಆ ಲೆಕ್ಕದಲ್ಲಿ ನಮ್ಮದೇ ದೊಡ್ಡದು.

ಇನ್ನು ತಂಪಿನ ಮಾತು. ಮಡಕೆಯ ನೀರು ಏಕೆ ತಣ್ಣಗಿರುತ್ತದೆಂಬುದು ಪ್ರಾಥಮಿಕ ಶಾಲೆಯ ಪಾಠ. ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಒಂದು ಲೀಟರು ನೀರು ಆವಿಯಾದರೆ ಸುಮಾರು ಎರಡು ಮೂರಾಂಶ ಯೂನಿಟ್ಟಿನಷ್ಟು ಬಿಸಿ ಹೋಗುತ್ತದೆ ಎಂದು ಗೆಳೆಯ ಲೆಕ್ಕ ತೋರಿಸಿದ. ಮಲಗಿದ ಮನುಷ್ಯನ ಮೈ ಹೊರಸೂಸುವ ಶಾಖ 70-80 ವಾಟ್. ಎಂಟು ಗಂಟೆಗೆ ಅದೂ ಹತ್ತಿರ ಹತ್ತಿರ ಅಷ್ಟೇ ಆಯಿತು! ಒಬ್ಬ ಮನುಷ್ಯನ ಒಂದು ರಾತ್ರಿಯ ಬಿಸಿಗೆ ಒಂದು ಲೀಟರು ನೀರು ಸಮ. ಗಾಳಿ ಬರುವ ಕಡೆಯ ಕಿಟಕಿಗೆ ಗೋಣಿ ಕಟ್ಟಿ, ಮೇಲೆ ತೂತು ಕೊರೆದ ಡಬ್ಬದಿಂದ ನೀರು ಹನಿಯುವಂತೆ ಮಾಡಿದೆವು. ಎದುರಿನ ಕಿಟಕಿಯನ್ನು ಸದಾ ತೆರೆದಿಡಬೇಕು. ಮುಚ್ಚಿದರೆ ತೇವ ಒಳಗೇ ನಿಂತು ಮೈಯೆಲ್ಲ ಅಂಟಂಟಾಗುತ್ತದೆ. ಮಳೆಗಾಲದ ಹಸಿ ಗಾಳಿಯಲ್ಲಿ ಈ ಉಪಾಯ ನಡೆಯದು, ಬೀಸಣಿಗೆಯೇ ಗತಿ. ಆದರೆ ಮಾರ್ಚ್-ಏಪ್ರಿಲ್‌ಗಳಲ್ಲಿ ನಮ್ಮ ಬಯಲಿನ ಒಣಗಾಳಿಗೆ ಇದಕ್ಕಿಂತ ತಕ್ಕ ಮದ್ದಿಲ್ಲ. ನಮ್ಮನ್ನು ಬಡವರನ್ನಾಗಿಸಿದ ಆ ಒಣಗಾಳಿಯೇ ರಾತ್ರಿ ಅಪ್ಪನಿಗೆ ಚಾಮರ ಬೀಸುತ್ತದೆ.

2020ರ ನವೆಂಬರಿನಲ್ಲಿ ಪಂಜಾಬ್, ಹರಿಯಾಣಾಗಳ ರೈತರು ದೆಹಲಿಯ ಗಡಿಗೆ ಬಂದು ಒಂದು ವರ್ಷಕ್ಕೂ ಮೀರಿ ಕುಳಿತಾಗ, ಸಿಂಘು ಮತ್ತು ಟಿಕ್ರಿಗಳಲ್ಲಿ ಅವರು ಮನೆ ಮಾಡಿಕೊಂಡದ್ದೂ ಟ್ರೇಲರುಗಳಲ್ಲೇ. ಚಳಿಗೆ ಹುಲ್ಲು, ತಾಡಪಾಲು. 2021ರ ಬೇಸಿಗೆ ಬಂದಾಗ ಫ್ಯಾನು, ಕೂಲರು. ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದಾಗ ಅಪ್ಪ ರಾಜಕೀಯದ ಮಾತನ್ನೇ ಎತ್ತಲಿಲ್ಲ. "ಅವ್ರು ಗಾಳಿಗೆ ಕಿಟಕಿ ಎಲ್ಲಿ ಬಿಟ್ಟವ್ರೆ ನೋಡು" ಎಂದರು. ಹೆಸರು ಹೇಳದೆಯೂ ಕಸುಬಿನವರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ.

ರಜೆಯಲ್ಲಿ ಎಷ್ಟೋ ರಾತ್ರಿ ನಾನೂ ಅಲ್ಲಿರುತ್ತೇನೆ. ಐದು ವಾಟಿನ ದೀಪದಲ್ಲಿ ಪಂಪನನ್ನೂ ಅರ್ಥಶಾಸ್ತ್ರವನ್ನೂ ಓದಿದ್ದೇನೆ. ಓದುತ್ತ ಕುಳಿತಾಗ ಒಂದು ಗಂಟೆಗೋ ಎರಡು ಗಂಟೆಗೋ ಮೋಟಾರು ಮನೆಯ ಕೆಂಪು ದೀಪ ಹತ್ತುತ್ತದೆ. ಅಪ್ಪ ಯಾರೂ ಎಬ್ಬಿಸದೆ ಏಳುತ್ತಾರೆ. "ನೀನು ಓದ್ಕ, ನಾನು ನೋಡ್ಕತೀನಿ" ಎಂದು ಟಾರ್ಚು ಹಿಡಿದು ಇಳಿಯುತ್ತಾರೆ. ನೀರು ತಿರುಗಿಸಿ ಬಂದು ಮತ್ತೆ ಮಲಗಿದರೆ ಐದು ನಿಮಿಷದಲ್ಲಿ ಗೊರಕೆ. ಮೊದಲು ಹೀಗೆ ಎದ್ದರೆ ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ನಾನು ಪದವೀಧರನಾಗಿ ಕೆಲಸ ಹುಡುಕಿಕೊಂಡು ಊರು ಬಿಟ್ಟಾಗ ಆ ಗೊರಕೆಯ ನೆನಪು ನನ್ನ ಜೊತೆಗಿರುತ್ತದೆಂಬುದೇ ನನಗೆ ದೊಡ್ಡ ಸಮಾಧಾನ.

ಕೋಣೆ ಕಟ್ಟುವಾಗ ಕಮ್ಮಾರನು, "ಎಲ್ಲಾ ವೆಲ್ಡಿಂಗ್ ಮಾಡಿಬಿಡ್ಲಾ?" ಎಂದು ಕೇಳಿದ. ಅಪ್ಪ ಬೇಡವೆಂದು ಪ್ರತಿಯೊಂದು ಕಂಬಕ್ಕೂ ಬೋಲ್ಟು ಹಾಕಿಸಿದರು. ಕಾರಣ ಕೇಳಿದ್ದಕ್ಕೆ, "ಹಗಲು ಹೊತ್ತು ಕರೆಂಟು ಕೊಡೋ ಕಾಲ ಬಂದೇ ಬರ್ತದೆ ಕಣೋ. ಅವತ್ತು ಇದನ್ನ ಬಿಚ್ಚಿ ಕಾಯಿ ತುಂಬ್ಕಂಡು ಹೋಗನ" ಎಂದರು. ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚುವ ಕೆಲಸ ನನ್ನದು.