ರಥದ ಮೇಲೊಂದು ಶಿಖರವಿತ್ತು

ಹಂಪೆಗೆ ಶಾಲಾ ಪ್ರವಾಸ ಹೋದ ಮಕ್ಕಳು ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಬೆನ್ನಿಗೂ ಇದೇ ರಥ. ನಮ್ಮೂರ ತೇರಿನ ಅಂದವೆಲ್ಲ ಇರುವುದು ಮೇಲಿನ ಗೋಪುರದಲ್ಲಿ. ಹಂಪೆಯ ತೇರಿಗೆ ಮಾತ್ರ ತಲೆಯೇ ಇಲ್ಲವಲ್ಲ ಎಂದು ಕೇಳುವವರು ಅಪರೂಪ.

ತಲೆ ಇತ್ತು. ರಥದಂತೆ ಕಂಡರೂ ಅದು ಗರುಡನ ಗುಡಿ. ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರವಿತ್ತು. ಅದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಒಂದು ಹಳೆಯ ಛಾಯಾಚಿತ್ರದ ದಯೆಯಿಂದ.

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಗೆ ಕ್ಯಾಮೆರಾ ಹೊತ್ತು ಬಂದ. ಆಗ ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹತ್ತಿಸಿ, ಬೆಳ್ಳಿಯ ಲವಣ ಲೇಪಿಸಿ, ಅದರ ಮೇಲೆ ಬಿಂಬ ಹಿಡಿಯಬೇಕು. ಮೇಣದ ಕಾಗದಕ್ಕೆ ಒಂದು ಅನುಕೂಲವಿತ್ತು: ಮೊದಲೇ ಸಿದ್ಧಮಾಡಿ ಒಯ್ಯಬಹುದು, ತೆಗೆದ ತಕ್ಷಣ ತೊಳೆಯಲೇಬೇಕೆಂದಿಲ್ಲ. ಬಿಸಿಲೂರಿನ ಪಾಳು ಬಯಲಲ್ಲಿ ಇದು ಸಣ್ಣ ಮಾತಲ್ಲ. ಆದರೆ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮುಂದೆ ನಡೆದುಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಕಲ್ಲು ಅಲ್ಲಾಡುವುದಿಲ್ಲವಾದ್ದರಿಂದ ಕಲ್ಲಿನ ಗೆರೆಗೆರೆಯೂ ಉಳಿಯಿತು. ಚಿತ್ರವನ್ನು ದೊಡ್ಡದು ಮಾಡುವ ಸೌಕರ್ಯವೂ ಇರಲಿಲ್ಲ. ನೆಗೆಟಿವ್ ಎಷ್ಟಗಲವೋ ಚಿತ್ರವೂ ಅಷ್ಟೇ ಅಗಲ. ಹಾಗಾಗಿ ಆತನ ಕ್ಯಾಮೆರಾ ಪೆಟ್ಟಿಗೆಯಷ್ಟು ದೊಡ್ಡದು.

ಆ ಚಿತ್ರಗಳಲ್ಲಿರುವ ಹಂಪೆ ಇನ್ನೂ ಯಾರೂ ಕೈಯಿಟ್ಟು ಸರಿಪಡಿಸದ ಹಂಪೆ. ರಥದ ಶಿಖರವೂ ಶಿಥಿಲವಾಗಿದೆ, ಆದರೂ ನಿಂತಿದೆ. 19ನೆಯ ಶತಮಾನ ಮುಗಿಯುವಷ್ಟರಲ್ಲಿ ಅದನ್ನು ಕಳಚಿ ತೆಗೆಯಲಾಯಿತು. ಕೆಳಗಿನ ಕಲ್ಲು ಉಳಿಯಿತು ಎಂದು ಸಮಾಧಾನಪಡಬಹುದು. ಆದರೆ ಗುಡಿಯನ್ನು ಕಾಪಾಡಲು ಹೊರಟವರೇ ಅದರ ಒಂದು ಭಾಗವನ್ನು ಇಲ್ಲವಾಗಿಸಿದರೆಂಬುದೂ ನಿಜವೇ. ಜೀರ್ಣೋದ್ಧಾರಕ್ಕೆ ಮುಂಚೆ ಪ್ರತಿ ಮೂಲೆಯನ್ನೂ ಫೋಟೋ ಹಿಡಿದಿಡಬೇಕೆಂದು ಪುರಾತತ್ತ್ವದವರು ಹಟ ಹಿಡಿಯುವುದು ಇದಕ್ಕೇ.

ಗ್ರೀನ್‌ಲಾನ ಕಾಗದಗಳು ಬಹುಕಾಲ ಮರೆಯಲ್ಲಿದ್ದವು. ಅವು ಬೆಳಕಿಗೆ ಬಂದ ಮೇಲೆ, 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆತ ನಿಂತ ಜಾಗಗಳನ್ನೇ ಹುಡುಕಿ ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅದೇ ಅಂಗಳ, ಅದೇ ಚಕ್ರ. ಶಿಖರವಿದ್ದಲ್ಲಿ ಬರೀ ಆಕಾಶ.